ಧೂಪ ಕುಡಿದ ಗಾಡಿ

ಬಸ್ಸಿನಲ್ಲಿ ಕೂತಿರುವಾಗ ರಸ್ತೆಯ ಉಬ್ಬು ಬಂದು ಡ್ರೈವರು ನಿಧಾನ ಮಾಡಿದನೆಂದರೆ ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ತಲೆ ಒಂದಿಷ್ಟು ವಾಲುತ್ತದೆ. ಬಸ್ಸು ಉಬ್ಬು ಹತ್ತಿಳಿದು, ಡ್ರೈವರು ಮತ್ತೆ ಪೆಡಲು ಒತ್ತಿ, ಎಂಜಿನ್ನು ತಡವರಿಸದೆ ಮುಂದಕ್ಕೆ ಹೊರಟ ಮೇಲೆಯೇ ನಾನು ಮಾತು ಮುಂದುವರಿಸುವುದು. ಅಷ್ಟರಲ್ಲಿ ಏನು ಹೇಳುತ್ತಿದ್ದೆನೆಂಬುದೇ ಮರೆತಿರುತ್ತದೆ. ಇದನ್ನು ಕಂಡು ನೀವು ಮೊಮ್ಮಕ್ಕಳು "ಅಜ್ಜಿಗೆ ನಿದ್ದೆ ಬಂತು" ಎಂದು ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಳ್ಳುವುದು ನನಗೆ ಗೊತ್ತು. ನಿದ್ದೆಯಲ್ಲ ಮಕ್ಕಳೇ, ಅದು ನನ್ನ ಹಳೆಯ ಕಸುಬು. ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರೆದುರು ನನಗೆ ನಾಲಿಗೆ ಏಳುವುದಿಲ್ಲ. ನೀವು ನಾಲ್ಕಲ್ಲ, ಏಳು ಜನ. ಅದಕ್ಕೇ ಬರೆಯುತ್ತಿದ್ದೇನೆ.

ಈ ನಾಚಿಕೆ ನನಗೆ ಹುಟ್ಟಿನಿಂದಲೇ ಬಂದದ್ದು. ನನ್ನ ತವರು ಧನಗೆರೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಲೆಕ್ಕ ಕೇಳಿದಾಗ ಉತ್ತರ ನನ್ನ ಸ್ಲೇಟಿನ ಮೇಲೆ ಆಗಲೇ ಬರೆದಿರುತ್ತಿತ್ತು. ಆದರೆ ಎದ್ದು ಹೇಳಬೇಕೆಂದರೆ ಒಂದು ಸಲ ಉಗುಳು ನುಂಗಬೇಕು, ಲಂಗ ಸರಿಮಾಡಿಕೊಳ್ಳಬೇಕು, ಅಷ್ಟರಲ್ಲಿ ಪಕ್ಕದ ಹುಡುಗಿ ನನ್ನ ಸ್ಲೇಟು ನೋಡಿ ಉತ್ತರ ಹೇಳಿ ಶಹಬಾಸ್ ತೆಗೆದುಕೊಂಡು ಕೂತಿರುತ್ತಿದ್ದಳು. ಅವಳ ಮೇಲೆ ನನಗೆ ಈಗಲೂ ಸ್ವಲ್ಪ ಕೋಪವಿದೆ. ಪಾಪ, ಅವಳು ಹೋಗಿ ಹತ್ತು ವರ್ಷವಾಯಿತು.

ಮದುವೆಯಾಗಿ ಬಂದ ಊರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿತ್ತು. ಮನೆಯ ತುಂಬ ರೇಷ್ಮೆ ಹುಳದ ತಟ್ಟೆಗಳು. ನನ್ನ ಅತ್ತೆ ಮಾತಿನಲ್ಲಿ ಮೆಣಸಿನಕಾಯಿ, ಕೆಲಸದಲ್ಲಿ ಗಡಿಯಾರ. ಹೊಸ ಹುಳದ ಮರಿಗಳನ್ನು ತಟ್ಟೆಗೆ ಬಿಡುವ ಮುಂಚೆ ಹುಳದ ಕೋಣೆಯನ್ನು ಸಾರಿಸಿ, ಬಾಗಿಲು ಕಿಟಕಿ ಮುಚ್ಚಿ, ಒಳಗೆ ಕೆಂಡದ ಮೇಲೆ ಬೇವಿನ ಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಿ, "ಗ್ವಾಡೆ ನೋಡ್ತಾ ಸುತ್ತು ಬಾ ಕಣವ್ವಾ. ವಗೆ ಎಲ್ಲಿ ಬತ್ತದೋ ಅಲ್ಲಿ ತೂತದೆ. ಸಗಣಿ ಮೆತ್ತು" ಎನ್ನುತ್ತಿದ್ದರು. ಇಲಿ, ಇರುವೆ, ತಣ್ಣನೆ ಗಾಳಿ ಬರುವ ಕಿಂಡಿಗಳನ್ನೆಲ್ಲ ಹೀಗೆ ಹೊಗೆಯಿಂದ ಹಿಡಿಯುವುದು ಅವರ ಪದ್ಧತಿ. ಕೂದಲೆಳೆಯಷ್ಟು ಹೊಗೆ ಬಂದರೂ ನಾನು ಬಿಡುತ್ತಿರಲಿಲ್ಲ. ಬಾಯಿ ತೆರೆಯಬೇಕಿಲ್ಲದ ಕೆಲಸ ಅದು. ನನಗೆಂದೇ ಮಾಡಿಸಿದ ಹಾಗಿತ್ತು.

ಇನ್ನು ಗಾಡಿಯ ವಿಷಯ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಬಿಟ್ಟ ಗಾಡಿಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಮಾರಾಟವಾಗುತ್ತಿದ್ದವು. ಅಂಥದೊಂದು ಪಿಕಪ್ಪನ್ನು ನಿಮ್ಮ ತಾತ ಮೈಸೂರಿನಿಂದ ತಾವೇ ಓಡಿಸಿಕೊಂಡು ಬಂದರು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ತುಂಬಲು ಹಲಗೆಯ ತೊಟ್ಟಿ. ಹಸಿರು ಬಣ್ಣದ ಮೇಲೆ ಬಿಳಿಯ ನಂಬರು ಇನ್ನೂ ಪೂರ್ತಿ ಅಳಿಸಿರಲಿಲ್ಲ. ಸುತ್ತ ಏಳು ಹಳ್ಳಿಗೆ ಅದೇ ಮೊದಲ ಮೋಟಾರು. ಹನೂರು ಕಡೆಯ ರೈತರ ಗೂಡನ್ನು ತುಂಬಿಕೊಂಡು, ಕೊಳ್ಳೇಗಾಲ ದಾಟಿ, ಯಳಂದೂರು ಸೀಮೆಯ ನೂಲು ತೆಗೆಯುವವರಿಗೆ ಮುಟ್ಟಿಸುವುದು ತಾತನ ಕೆಲಸ. ರೇಷ್ಮೆ ಗೂಡು ಕಾಯುವ ಸರಕಲ್ಲ. ಒಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ಎಳೆ ಕಡಿಯಿತು, ಗೂಡು ಕೆಟ್ಟಿತು. ಎತ್ತಿನ ಗಾಡಿ ಒಂದು ದಿನ ತೆಗೆದುಕೊಂಡ ದಾರಿಯನ್ನು ಪಿಕಪ್ಪು ಊಟದ ಹೊತ್ತಿಗೆ ಮುಗಿಸುತ್ತಿತ್ತು.

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಗಾಡಿಗೆ ಒಂದು ಚಾಳಿ ಹಿಡಿಯಿತು. ಜೋರಾಗಿ ಓಡುವಾಗ ಏನೂ ಇಲ್ಲ, ಹನೂರು ರಸ್ತೆಯಲ್ಲಿ ಬಾಣದ ಹಾಗೆ ಹೋಗುತ್ತಿತ್ತು. ಮನುಷ್ಯರು ನಡೆಯುವ ವೇಗಕ್ಕೆ ಇಳಿಸಿದಿರೋ, ಅಲ್ಲೇ ಕಾಟ. ದನದ ಹಿಂಡಿನ ಹಿಂದೆ ನಿಧಾನ ಮಾಡಿ ಮತ್ತೆ ಪೆಡಲು ಒತ್ತಿದರೆ ಎಂಜಿನ್ನು ಒಂದು ಸಲ ಗುಟುಕು ನುಂಗುವುದು, ಮೈ ಕೊಡವುವುದು, ಕೆಮ್ಮುವುದು, ನಿಲ್ಲುವುದು. ಹೇಳಬೇಕಾದ್ದು ಗಂಟಲಿಗೆ ಬಂದು ಅಲ್ಲೇ ಸಿಕ್ಕಿಕೊಂಡ ಹಾಗೆ. ಆ ಗಾಡಿಯ ಕಷ್ಟ ಮನೆಯಲ್ಲಿ ನನ್ನಷ್ಟು ಯಾರಿಗೂ ಅರ್ಥವಾಗಲಿಲ್ಲವೆಂದು ನಾನು ನಂಬಿದ್ದೇನೆ.

ಎಲ್ಲಿ ನಿಂತರೂ ಚಿಂತೆಯಿರಲಿಲ್ಲ, ಗಡಿಯ ಗೇಟಿನಲ್ಲಿ ನಿಲ್ಲುತ್ತಿತ್ತಲ್ಲ, ಅದೇ ಅವಮಾನ. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿದ್ದು, ಯಳಂದೂರು ಮೈಸೂರಿನದು. ಎರಡರ ನಡುವೆ ರಸ್ತೆಗೆ ಅಡ್ಡ ಒಂದು ಮರದ ಗೇಟು. ಅಲ್ಲಿ ಪ್ರತಿ ಗಾಡಿಯೂ ಆಮೆಯ ಹಾಗೆ ಹೋಗಬೇಕು, ಕಾವಲಿನವನು ಇಣುಕಿ ನೋಡಿ ಕೈ ಆಡಿಸಬೇಕು. ನಮ್ಮ ಪಿಕಪ್ಪು ಸರಿಯಾಗಿ ಗೇಟಿನ ಕೆಳಗೆ, ಮುಂದಿನ ಗಾಲಿ ಮೈಸೂರಿನಲ್ಲೂ ಹಿಂದಿನ ಗಾಲಿ ಮದರಾಸಿನಲ್ಲೂ ಇಟ್ಟು ನಿಂತುಬಿಡುತ್ತಿತ್ತು. ಪಕ್ಕದ ಹೋಟೆಲಿನಲ್ಲಿ ಕೂತವರು, "ಬಂತು ಕಣ್ರಪ್ಪಾ ತಳ್ಳೋ ಗಾಡಿ! ಏಳಿ ಏಳಿ, ಪುಣ್ಯದ ಕೆಲ್ಸ" ಎಂದು ಲೋಟ ಕೆಳಗಿಟ್ಟು ಬರುತ್ತಿದ್ದರು. ತಾತ ಅದನ್ನು ಮನೆಯಲ್ಲಿ ಹೇಳುತ್ತಿರಲಿಲ್ಲ. ಸುದ್ದಿ ಅವರಿಗಿಂತ ಮುಂಚೆ ಮನೆಗೆ ಬಂದಿರುತ್ತಿತ್ತು.

ಕೊಳ್ಳೇಗಾಲದಲ್ಲಿ ಆರುಮುಗಂ ಎಂಬ ಮೇಸ್ತ್ರಿ ಇದ್ದರು. ತಮಿಳು ಮನೆಮಾತು, ಕನ್ನಡ ನಮ್ಮಷ್ಟೇ ಚೆನ್ನಾಗಿ. ಒಳ್ಳೆಯ ಕೈ, ಸುಳ್ಳಾಡದ ಮನುಷ್ಯ. ಅವರು ಬಂದು ಕಾರ್ಬೊರೇಟರು ಬಿಚ್ಚಿ ಊದಿದರು. ಪ್ಲಗ್ಗು ತಿಕ್ಕಿದರು. ಪೆಟ್ರೋಲನ್ನು ನನ್ನ ಹಳೇ ಸೀರೆಯ ತುಂಡಿನಲ್ಲಿ ಸೋಸಿದರು. ಯಾವುದೋ ಸ್ಕ್ರೂ ತಿರುಗಿಸಿ ಎಂಜಿನ್ನು ನಿಂತಲ್ಲೇ ಜೋರಾಗಿ ಕೂಗುವಂತೆ ಮಾಡಿದರು. ಅಂದು ಗಾಡಿ ಮೊಲದ ಹಾಗೆ ನೆಗೆಯಿತು, ಸಂಜೆಗೆ ಮತ್ತೆ ನುಂಗಲು ಶುರು. ಮೂರು ಸಲ ಬಂದರು, ಮೂರು ಸಲವೂ ನಮ್ಮ ಮುದ್ದೆ, ಅವರೆಕಾಳು ಸಾರು ಹೊಗಳಿ ಉಂಡರು. ಕೊನೆಗೆ ಕೈ ಒರೆಸಿಕೊಳ್ಳುತ್ತಾ, "ಸಾಮೀ, ಇದು ಗಾಡಿ ತಪ್ಪಲ್ಲ. ಮದರಾಸ್ ಪೆಟ್ರೋಲ್ ಬೇರೆ, ಮೈಸೂರು ಪೆಟ್ರೋಲ್ ಬೇರೆ. ಒಂದೇ ಒಟ್ಟೇಲಿ ಎರಡೂ ಸೇರಿದ್ರೆ ಮನುಸುಂಗೇ ಆಗಲ್ಲ, ಇನ್ನು ಮಿಷಿನ್‌ಗೆ ಆದದಾ?" ಎಂದರು. ತಾತ ಅದನ್ನೂ ನಂಬಿ, ಒಂದು ವಾರ ಕೊಳ್ಳೇಗಾಲದ ಪೆಟ್ರೋಲು ಬಿಟ್ಟು ಬೇರೆ ಮುಟ್ಟಲಿಲ್ಲ. ಗಾಡಿ ಗೇಟಿನಲ್ಲಿ ತಪ್ಪದೆ ನಿಂತಿತು.

ನಿಮ್ಮ ತಾತನ ಅಣ್ಣ, ನನಗೆ ಬಾವ, ಮನೆಯ ಯಜಮಾನರು. ಅವರ ಎದುರು ನಾನು ನಿಂತು ಮಾತಾಡಿದ್ದಿಲ್ಲ, ಬಾಗಿಲ ಮರೆಯಿಂದಲೇ. ಅವರಿಗೆ ಎಂಜಿನ್ನು ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ಒಂದು ದಿನ ಜಗಲಿಯ ಮೇಲೆ ಕೂತು ತೀರ್ಮಾನ ಹೇಳಿಬಿಟ್ಟರು. "ನೋಡ್ಲಾ ತಮ್ಮ, ಸತ್ಯಮಂಗಲದೋನು ಒಬ್ಬ ಗಾಡಿ ಕೇಳ್ತಾ ಅವ್ನೆ. ಬುಧವಾರ ಬತ್ತಾನೆ. ಸೋಮವಾರ ಒಂದು ಲೋಡು ಓಯ್ತದಲ್ಲ, ಅದು ಗೇಟಲ್ಲಿ ನಿಲ್ದೆ ದಾಟುದ್ರೆ ಗಾಡಿ ಮಡಿಕೊ. ನಿಂತ್ರೆ ಅವ್ನಿಗೆ ಕೊಟ್ಬುಟ್ಟು ಎತ್ತು ಕಟ್ಟು. ಊರೋರು ತಳ್ಳೋ ಗಾಡಿ ನಮ್ಮನೆಗೆ ಬ್ಯಾಡ."

ತಾತ ಒಳಗೆ ಬಂದು ತಣಿಗೆಯ ಮುಂದೆ ಕೂತು, ಮುದ್ದೆ ಮುರಿದು, ಮುರಿದ ತುತ್ತನ್ನು ಮತ್ತೆ ಮುದ್ದೆಗೇ ಅಂಟಿಸಿ ಎದ್ದರು. ಅವರಿಗೆ ಆ ಗಾಡಿ ಬರೀ ಗಾಡಿಯಾಗಿರಲಿಲ್ಲ. ಅಣ್ಣನ ನೆರಳಿನಿಂದ ಆಚೆ ಅವರು ತಮ್ಮ ಕೈಯಾರೆ ಮಾಡಿಕೊಂಡದ್ದು ಅದೊಂದೇ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸಮಾಧಾನದ ಒಂದು ಮಾತು ಹೇಳಲು ಉಗುಳು ನುಂಗಿದೆ. ಅಷ್ಟರಲ್ಲಿ ಅವರು ಕೈ ತೊಳೆದು ಹೊರಗೆ ಹೋಗಿದ್ದರು.

ಸೋಮವಾರ ಅಂದರೆ ನಮ್ಮ ಮನೆದೇವರು ಮಾದಪ್ಪನ ವಾರ. ಅವನ ಬೆಟ್ಟದ ಕಡೆ ಮುಖ ಮಾಡಿ ಮನೆಗೆ, ಎತ್ತಿಗೆ, ನೇಗಿಲಿಗೆ ಧೂಪ ಹಾಕುವುದು ನಮ್ಮಲ್ಲಿ ತಪ್ಪುತ್ತಿರಲಿಲ್ಲ. ಗಾಡಿ ಬಂದ ಮೇಲೆ ಗಾಡಿಗೂ ಹಾಕುತ್ತಿದ್ದರು. ಯಾವಾಗಲೂ ಅತ್ತೆಯ ಕೆಲಸ ಅದು, ಎಂಜಿನ್ನು ಆರಿಸಿದ ಮೇಲೆಯೇ ಮಾಡುವುದು. ಆ ಸೋಮವಾರ ಎರಡೂ ತಪ್ಪಿದವು. ಅತ್ತೆ ಹಿಂದಿನ ದಿನವೇ ಹರಕೆ ತೀರಿಸಲು ಬೆಟ್ಟಕ್ಕೆ ಹೋಗಿದ್ದರು. ಇತ್ತ ತಾತ ಬೆಳಿಗ್ಗೆ ಹ್ಯಾಂಡಲು ತಿರುಗಿಸಿ ತಿರುಗಿಸಿ ಹೇಗೋ ಎಂಜಿನ್ನು ಶುರು ಮಾಡಿದ್ದರು. ಇನ್ನು ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂಬ ಭಯ. ಗೂಡಿನ ಲೋಡು ಹಿಂದೆ ತುಂಬಿತ್ತು. ಆರುಮುಗಂ ಮೇಸ್ತ್ರಿ ಕೊನೆಯ ಸಲ ನೋಡಿಬಿಡೋಣವೆಂದು ಬಂದವರು, ಬಾನೆಟ್ಟಿನ ಒಂದು ಪಕ್ಕ ಎತ್ತಿಟ್ಟು, ತಾತ ಮತ್ತು ಬಾವನ ಜೊತೆ ಬೇವಿನ ಮರದ ಕೆಳಗೆ ಬೀಡಿ ಹಚ್ಚಿ ನಿಂತಿದ್ದರು.

"ಇವ್ಳೇ, ಧೂಪ ಆಕ್ಬುಡು. ಎಂಜಿನ್ ಓಡ್ತಾ ಇರ‍್ಲಿ" ಎಂದರು ತಾತ.

ನಾನು ಧೂಪದ ಬಟ್ಟಲು ಹಿಡಿದು ಗಾಡಿ ಸುತ್ತಿದೆ. ನಾಲ್ಕು ಗಾಲಿಗೆ ಹಾಕಿದೆ. ಆಮೇಲೆ, ಒಳಗಿರುವ ಜೀವಕ್ಕಲ್ಲವೇ ನಿಜವಾಗಿ ಬೇಕಾದ್ದು ಎಂದುಕೊಂಡು, ತೆರೆದ ಬಾನೆಟ್ಟಿನ ಹತ್ತಿರ ಹಿಡಿದೆ. ಮುಂದಿನ ಫ್ಯಾನಿನ ಗಾಳಿಗೆ ಹೊಗೆಯೆಲ್ಲ ಹಿಂದಕ್ಕೆ ಹಾರಿ ನನ್ನ ಕಣ್ಣಿಗೇ ಬಂತು. ಕಣ್ಣೊರೆಸಿಕೊಂಡು, ಫ್ಯಾನಿನ ಗಾಳಿ ತಾಗದ ಹಿಂದಿನ ಮೂಲೆಗೆ ಬಟ್ಟಲು ತಂದೆ. ಅಲ್ಲಿ ಹೊಗೆ ಸಮಾಧಾನವಾಗಿ ಮೇಲೆದ್ದಿತು. ಎದ್ದ ಹೊಗೆಯಲ್ಲಿ ಒಂದು ಎಳೆ ಮಾತ್ರ ಮೇಲೆ ಹೋಗದೆ, ಅಡ್ಡ ತಿರುಗಿ, ನೂಲು ತೆಗೆಯುವವರ ರಾಟೆಗೆ ರೇಷ್ಮೆ ಎಳೆ ಹೋದ ಹಾಗೆ ನೇರವಾಗಿ ಎಂಜಿನ್ನಿನ ಹಿಂದೆ ಹೋಗಿ ಮಾಯವಾಯಿತು.

ವಗೆ ಎಲ್ಲಿ ಓಯ್ತದೋ ಅಲ್ಲಿ ತೂತದೆ.

ಬಗ್ಗಿ ನೋಡಿದೆ. ಕಿರುಬೆರಳು ದಪ್ಪದ ಒಂದು ರಬ್ಬರು ಕೊಳವೆ. ಒಂದು ತುದಿ ಎಂಜಿನ್ನಿಗೆ ಸೇರಿತ್ತು, ಇನ್ನೊಂದು ತುದಿ ಯಾವುದಕ್ಕೂ ಸೇರದೆ ಮೂಲೆಯಲ್ಲಿ ಮಡಚಿ ಬಿದ್ದಿತ್ತು. ಅದರ ಬಾಯಿಗೆ ತುರುಕಿದ್ದ ಬಟ್ಟೆ ಒಣಗಿ ಸಡಿಲವಾಗಿತ್ತು. ಹೊಗೆ ಅದರ ಸಂದಿಯಲ್ಲಿ ಒಳಗೆ ಹೋಗುತ್ತಿತ್ತು. ಯಾಕೆ ಮಾಡಿದೆನೋ ಗೊತ್ತಿಲ್ಲ, ಹೆಬ್ಬೆರಳನ್ನು ಅದರ ಬಾಯಿಗೆ ಒತ್ತಿದೆ. ಕರು ಬೆರಳು ಚೀಪಿದ ಹಾಗೆ ಚೀಪಿತು. ಅದೇ ಕ್ಷಣಕ್ಕೆ ಎಂಜಿನ್ನಿನ ಕೆಮ್ಮು ನಿಂತು ಸದ್ದು ಒಂದೇ ಸಮ ಆಯಿತು. ಬೆರಳು ತೆಗೆದೆ, ತಡವರಿಸಿತು. ಮತ್ತೆ ಒತ್ತಿದೆ, ಸಮವಾಯಿತು. 

ಈಗ ಹೇಳಬೇಕಲ್ಲ! ಬೇವಿನ ಮರದ ಕೆಳಗೆ ಮೂವರು ಗಂಡಸರು, ಅದರಲ್ಲಿ ಒಬ್ಬರು ಬಾವ, ಒಬ್ಬರು ಹೊರಗಿನವರು. ಉಗುಳು ನುಂಗಿದೆ. ಬಾಯಿ ಬರಲಿಲ್ಲ. ಕೂಗಲಿಕ್ಕಾಗದವಳು ಬೆರಳು ತೆಗೆದು, ಇಟ್ಟು, ತೆಗೆದು, ಇಟ್ಟು ಮಾಡಿದೆ.

ಆರುಮುಗಂ ಮೇಸ್ತ್ರಿಯ ಬೀಡಿ ತುಟಿಯ ಹತ್ತಿರ ನಿಂತಿತು. "ಇರಿ ಸಾಮೀ. ಸದ್ದು ಬದಲಾಯ್ತಾ ಅದೆ. ಯಾರು ಮುಟ್ಟಿದ್ದು?"

ಮೂವರೂ ಬಂದರು. ನಾನು ಒಂದು ಕೈಯಲ್ಲಿ ಧೂಪದ ಬಟ್ಟಲು, ಇನ್ನೊಂದು ಕೈ ಮೊಣಕೈವರೆಗೆ ಬಾನೆಟ್ಟಿನೊಳಗೆ, ಸೆರಗು ಹೇಗಿತ್ತೋ ದೇವರಿಗೇ ಗೊತ್ತು, ಹಾಗೆ ನಿಂತಿದ್ದೆ.

"ಏಯ್, ಕೈ ತಗಿ, ಸುಟ್ಟೋದಾತು!" ಎಂದರು ತಾತ. ತೆಗೆದೆ. ಎಂಜಿನ್ನು ಗುಟುಕು ನುಂಗಿತು. ಇಟ್ಟೆ, ಸಮವಾಯಿತು.

ಬಾವ ಆಚೆ ನೋಡುತ್ತಾ, "ಇದೊಂದು ಬಾಕಿ ಇತ್ತು. ಎಂಗುಸ್ರು ಮೋಟಾರ್ ರಿಪೇರಿ ಮಾಡಾದ ಕಂಡಂಗಾಯ್ತು" ಎಂದರು.

ಆ ಕುಟುಕು ಇಲ್ಲದಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲವೇನೋ. ಪಕ್ಕದ ಹುಡುಗಿ ಯಾರೂ ಇರಲಿಲ್ಲ ಹೇಳಲು. "ಇದು ಇಲ್ಲಿ ಗಾಳಿ ಕುಡೀತಾ ಅದೆ" ಎಂದೆ. "ಧೂಪದ ವಗೆ ಇದ್ರೊಳಕ್ಕೆ ಓಯ್ತಾ ಅದೆ. ಬೇಕಾದ್ರೆ ನೋಡಿ." ಬಟ್ಟಲು ಹತ್ತಿರ ತಂದು ಬೆರಳು ತೆಗೆದೆ. ಹೊಗೆಯ ಎಳೆ ಅಡ್ಡ ತಿರುಗಿ ಒಳಗೆ ಹೋಯಿತು.

ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡರು. "ಅಯ್ಯಯ್ಯೋ ಮುರುಗಾ! ನಿಧಾನವಾಗಿ ಓಡುವಾಗ ಎಂಜಿನ್ ಉಸ್ರು ಜಾಸ್ತಿ ಎಳೆಯೋದು. ಇಲ್ಲಿ ಕಳ್ಳಗಾಳಿ ಸೇರಿದ್ರೆ ಪೆಟ್ರೋಲ್ ಸಾಲಲ್ಲ. ಜೋರಾಗಿ ಓಡುದ್ರೆ ಇಷ್ಟು ಗಾಳಿ ಲೆಕ್ಕಕ್ಕೇ ಬರಲ್ಲ. ಮಿಲಿಟರಿ ಗಾಡೀಲಿ ಇಂಥ ಪೈಪು ಸಾವಿರ ಇರ‍್ತವೆ ಅಂತ ನಾನು ನೋಡ್ದೇ ಬಿಟ್ಟೆ. ಸಾಮೀ, ಇದು ಯಾವ ಪೈಪು? ಎಲ್ಲಿಗೆ ಓಗ್ತಿತ್ತು?"

ತಾತನ ಮುಖ ಸುಣ್ಣದ ಹಾಗಾಗಿತ್ತು. ಅವರು ಮುಂದಿನ ಗಾಜಿನ ಕಡೆ ನೋಡಿದರು. ಗಾಜಿಗೆ ಒಳಗಿನಿಂದ ಅಂಟಿಸಿದ್ದ ಹುಲಿಯೇರಿದ ಮಾದಪ್ಪನ ಪಟದ ಕಡೆ.

ನಡೆದದ್ದು ಇಷ್ಟು. ಗಾಡಿ ಬಂದಾಗ ಗಾಜಿನ ಮೇಲೆ ಮಳೆ ಒರೆಸುವ ಒಂದು ಕಡ್ಡಿ ಇತ್ತು. ಎಂಜಿನ್ನು ಉಸಿರೆಳೆದುಕೊಳ್ಳುವ ಬಲದಿಂದಲೇ ಆಡುವಂಥದು. ಅದಕ್ಕೇ ಈ ಕೊಳವೆ. ತಾತ ಭಕ್ತಿಯಿಂದ ಗಾಜಿನ ನಡುವೆಯೇ ಪಟ ಅಂಟಿಸಿದ್ದರು. ಒಂದು ದಿನ ಅತ್ತೆಯನ್ನು ಕೂರಿಸಿಕೊಂಡು ಹೋಗುವಾಗ ಮಳೆ ಬಂತು, ಕಡ್ಡಿ ಆಡಿತು. ಅತ್ತೆ ಗಾಡಿಯೊಳಗೇ ಎದ್ದು ನಿಂತು, "ಏನ್ಲಾ ಮೂದೇವಿ! ಮಾದಪ್ಪನ ಮಕದ ಮ್ಯಾಲೆ ಬಾರ‍್ಕೋಲು ಆಡುಸ್ತಿದ್ದೀಯಾ? ನಿಲ್ಸು, ನಿಲ್ಸು!" ಎಂದು ಕೂಗಿದರು. ತಾತ ಅಲ್ಲೇ ಮಳೆಯಲ್ಲಿ ಇಳಿದು ಕೆನ್ನೆ ಕೆನ್ನೆ ಬಡಿದುಕೊಂಡು, ಕಡ್ಡಿಯನ್ನೂ ಅದರ ಡಬ್ಬಿಯನ್ನೂ ಕಿತ್ತು, ಕೊಳವೆಯ ಬಾಯಿಗೆ ಟವಲಿನ ಚೂರು ತುರುಕಿ ಎಂಜಿನ್ನಿನ ಹಿಂದೆ ಸಿಕ್ಕಿಸಿದರಂತೆ. ಮಳೆಗಾಲ ಮುಗಿಯಿತು, ಮರೆತೂ ಹೋಯಿತು.

"ಇದ ಮೂರು ತಿಂಗಳಿಂದ ಯೋಳ್ನೇ ಇಲ್ವಲ್ಲ ಸಾಮೀ!" ಎಂದರು ಮೇಸ್ತ್ರಿ.

"ನೀನು ಕೇಳ್ನೇ ಇಲ್ವಲ್ಲಪ್ಪ" ಎಂದರು ತಾತ, ಬಹಳ ಸಣ್ಣ ದನಿಯಲ್ಲಿ.

ಬಾವ ನಗುವುದನ್ನು ನಾನು ಅಂದು ಮೊದಲ ಸಲ ನೋಡಿದೆ. ಮರದ ಕಾಂಡ ಹಿಡಿದುಕೊಂಡು ನಕ್ಕರು. ಕೊಳವೆಗೆ ಬಿರಡೆ ಬೇಕೆಂದಾಗ ಮೂವರು ಗಂಡಸರು ನೆಲದಲ್ಲಿ ಕಡ್ಡಿ ಹುಡುಕತೊಡಗಿದರು. ನಾನು ಒಳಗೆ ಹೋಗಿ ಒಣಗಿದ ಅರಿಶಿನದ ಕೊಂಬುಗಳಲ್ಲಿ ಅಳತೆಗೆ ಸರಿಯಾದ್ದನ್ನು ಆರಿಸಿ ತಂದೆ. ಮೇಸ್ತ್ರಿ ಅದನ್ನು ಕೊಳವೆಗೆ ಬಿಗಿಯಾಗಿ ತಿರುವಿ, ಮೇಲೆ ರೇಷ್ಮೆ ಹುರಿ ಸುತ್ತಿ ಕಟ್ಟಿದರು. ತಿರುಗಿಸಿಟ್ಟ ಸ್ಕ್ರೂವನ್ನೂ ಮೊದಲಿನ ಜಾಗಕ್ಕೆ ತಂದರು. ಎಂಜಿನ್ನು ಹಾಲು ಕುಡಿದ ಮಗುವಿನ ಹಾಗೆ ಗುರುಗುಟ್ಟುತ್ತಾ ನಿಂತಿತು.

"ಗಾಡಿ ಅತ್ತು" ಎಂದರು ತಾತ ನನಗೆ, ಮುಂದಿನ ಬಾಗಿಲು ತೆರೆದು. ಮದುವೆಯಾಗಿ ಆರು ವರ್ಷಕ್ಕೆ ನಾನು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಬಾವನ ಮುಂದೆ ಹೇಗೆ ಹತ್ತಲಿ ಎಂದು ನಿಂತಿದ್ದೆ. ಬಾವ ಆಗಲೇ ಬೆನ್ನು ತಿರುಗಿಸಿ ಎತ್ತಿಗೆ ಹುಲ್ಲು ಹಾಕಲು ಹೋಗಿದ್ದರು. ಬೇಕೆಂದೇ ಹೋದರೆಂದು ಈಗ ಅನಿಸುತ್ತದೆ. ಮೇಸ್ತ್ರಿ ಹಿಂದೆ ಗೂಡಿನ ಮೂಟೆಗಳ ನಡುವೆ ಹತ್ತಿದರು.

ಗೇಟು ಬಂತು. ದೂರದಿಂದಲೇ ನಮ್ಮನ್ನು ನೋಡಿ ಹೋಟೆಲಿನವರು ಎದ್ದು ಪಂಚೆ ಮೇಲೆ ಕಟ್ಟುತ್ತಿದ್ದರು. ತಾತ ನಿಧಾನ ಮಾಡಿದರು. ಇನ್ನೂ ನಿಧಾನ. ಗಾಡಿ ತುಂಬು ಬಸುರಿಯ ಹಾಗೆ ಗೇಟಿನ ಕೆಳಗೆ ಬಂತು. ಕಾವಲಿನವನು ಕೈ ಆಡಿಸಿದ. ತಾತ ಪೆಡಲು ಒತ್ತಿದರು. ನಾನು ಕಣ್ಣು ಮುಚ್ಚಿ ಕಿವಿ ಮಾತ್ರ ತೆರೆದಿಟ್ಟೆ. ಗುಟುಕಿಲ್ಲ, ಕೆಮ್ಮಿಲ್ಲ. ಗಾಡಿ ಮೈಸೂರಿಗೆ ಹೋಯಿತು.

ಹೋಗಿ ಸ್ವಲ್ಪ ದೂರದಲ್ಲಿ ನಿಂತಿತು. ಕಣ್ಣು ಬಿಟ್ಟೆ. ನೋಡಿದರೆ ತಾತ ಗಾಡಿಯನ್ನು ತಿರುಗಿಸುತ್ತಿದ್ದಾರೆ! ಮತ್ತೆ ಗೇಟು ದಾಟಿ ಮದರಾಸಿಗೆ ಬಂದೆವು. ಮತ್ತೆ ತಿರುಗಿಸಿ ಮೈಸೂರಿಗೆ. ಮೂರನೆಯ ಸಲಕ್ಕೆ ಕಾವಲಿನವನು ಗೇಟಿಗೆ ಒರಗಿ, "ಏನ್ ಸಾಮೀ, ಗಡಿ ದಾಟೋ ಆಟ ಆಡ್ತಿದ್ದೀರಾ? ಯಾವ ಸರ್ಕಾರದೋರು ಅಂತ ಬರ‍್ಕಳ್ಳಿ ನಿಮ್ಮ?" ಎಂದ. ಹಿಂದಿನಿಂದ ಮೇಸ್ತ್ರಿ, "ಸಾಮೀ, ಗೂಡು ಚಿಟ್ಟೆ ಆಯ್ತದೆ, ನಡೀರಿ!" ಎಂದು ಕೂಗಿದ ಮೇಲೆಯೇ ತಾತ ಮುಂದಕ್ಕೆ ಬಿಟ್ಟದ್ದು.

ಬುಧವಾರ ಸತ್ಯಮಂಗಲದವರು ಬಂದರು. ಬಾವ ಜಗಲಿಯಿಂದ ಇಳಿಯದೆ, "ಗಾಡಿ ಇಲ್ಲ. ಕೆಲ್ಸಕ್ಕೆ ಓಗ್ಬುಟ್ಟದೆ" ಎಂದು, ಗಾಡಿ ತಮ್ಮದೇ ಎಂಬ ಗತ್ತಿನಲ್ಲಿ ಹೇಳಿ ಕಳಿಸಿದರು. ಬೆಟ್ಟದಿಂದ ಬಂದ ಅತ್ತೆಗೆ ವಿಷಯ ತಿಳಿಯಿತು. ಅವರು ಗಾಜನ್ನು ಚೆನ್ನಾಗಿ ನೋಡಿ, "ಅಲ್ಲ ಕಣ್ಲಾ, ಪಟನ ಆ ಮೂಲೆಗೆ ಆಕುದ್ರೆ ಮಾದಪ್ಪ ಬ್ಯಾಡ ಅಂದಾನಾ?" ಎಂದರು. ಮುಂದಿನ ಮಳೆಗಾಲಕ್ಕೆ ಕಡ್ಡಿ ಮತ್ತೆ ಆಡಿತು.

ಇಷ್ಟೆಲ್ಲ ಆದರೂ ನನಗೊಂದು ಸಣ್ಣ ಬೇಜಾರು ಉಳಿದಿತ್ತು. ತಾತ ಹೋದಲ್ಲೆಲ್ಲ ಕತೆ ಹೇಳುತ್ತಿದ್ದರು, "ಮಾದಪ್ಪನ ಧೂಪವೇ ತೋರಿಸಿಕೊಡ್ತು" ಎಂದು. ಕೇಳಿದವರು ಕೈ ಮುಗಿಯುತ್ತಿದ್ದರು. ಮುಗಿಯಲಿ, ಮಾದಪ್ಪನಿಗೆ ಪಾಲು ಕೊಡಬಾರದೆಂದು ನಾನು ಅನ್ನುವುದಿಲ್ಲ. ಆದರೆ ಬೆರಳಿಟ್ಟವಳು ನಾನಲ್ಲವೇ? ಸ್ಲೇಟು ನನ್ನದು, ಶಹಬಾಸ್ ಇನ್ನೊಬ್ಬರದು. ಈ ಸಲ ಇನ್ನೊಬ್ಬರು ದೇವರಾದ್ದರಿಂದ ದೂರುವ ಹಾಗೂ ಇರಲಿಲ್ಲ.

ಗೇಟು ದಾಟಿ ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮನೆಯ ಮುಂದೆ ಒಂದು ಕರಿಯ ಕಾರು ಕೆಮ್ಮುತ್ತಾ ಬಂದು ನಿಂತಿತು. ಯಳಂದೂರಿನ ಯಾರೋ ದೊಡ್ಡವರದಂತೆ. ಆರುಮುಗಂ ಮೇಸ್ತ್ರಿ ಇಳಿದು, ತಲೆಯ ಟವಲು ತೆಗೆದು, ಬಾಗಿಲ ಹೊರಗೆ ನಿಂತರು. ಗಂಡಸರು ಯಾರೂ ಮನೆಯಲ್ಲಿರಲಿಲ್ಲ.

"ಅಮ್ಮಾ, ಇದೂ ನಿಧಾನ ಮಾಡುದ್ರೆ ನುಂಗ್ತಾ ಅದೆ. ನಾಕು ದಿನ ಬಿಚ್ಚಿದ್ದೀನಿ, ಆಗ್ಲಿಲ್ಲ. ಒಸಿ ಧೂಪ..." ಎಂದರು.

ನಾನು ಬಾಗಿಲ ಮರೆಯಿಂದಲೇ ಬಟ್ಟಲಿಗೆ ಕೆಂಡ ಹಾಕಿ, ಧೂಪದ ಪುಡಿ ಉದುರಿಸಿ, ಹೊಸಿಲ ಮೇಲಿಟ್ಟು ಹಿಂದಕ್ಕೆ ಸರಿದೆ. ಅವರು ತೆಗೆದುಕೊಳ್ಳಲಿಲ್ಲ.

"ಧೂಪ ನನ್ ಮನೇಲೂ ಅದೆ ಅಮ್ಮಾ" ಎಂದರು, ನೆಲ ನೋಡುತ್ತಾ. "ನಿನ್ನೆ ಅರ್ಧ ಸೇರು ಸುಟ್ಟೆ. ನಂಗೆ ಕಾಣಲ್ಲ. ನೀವು ಬಂದು ನೋಡ್ಬೇಕು."

ಒಳಗೆ ಅತ್ತೆ ಸೊಪ್ಪು ಹೆಚ್ಚುವ ಸದ್ದು ನಿಂತಿತು. "ಓಗವ್ವಾ" ಎಂದರು, ಅಷ್ಟೇ.

ನಾನು ಉಗುಳು ನುಂಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬಟ್ಟಲು ಎತ್ತಿಕೊಂಡು ಹೊಸಿಲು ದಾಟಿದೆ. ಮೇಸ್ತ್ರಿ ನನಗೆ ಅನುಕೂಲವಾಗಲೆಂದು ಎಂಜಿನ್ನು ಆರಿಸಲು ಓಡುತ್ತಿದ್ದರು.

"ನಿಲ್ಲುಸ್ಬ್ಯಾಡಿ, ಓಡ್ತಾ ಇರ‍್ಲಿ" ಎಂದೆ. ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಬಾನೆಟ್ ಎತ್ತಿ."